ಶಾಕ್ ಅಬ್ಸಾರ್ಬರ್‌ನ ನೈಟ್ರೋಜನ್: ಗೇಜ್ ಹಾಕಿದಷ್ಟೂ ಒತ್ತಡ ಇಳಿಯುತ್ತಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನನ್ನ ಜೀಪಿನ ಹಿಂದಿನ ಶಾಕ್‌ಗಳು ಪ್ರತ್ಯೇಕ ರಿಸರ್ವಾಯರ್ (ಎಣ್ಣೆ ಮತ್ತು ನೈಟ್ರೋಜನ್ ಇರುವ ಡಬ್ಬಿ) ಇರುವ ಮಾನೋಟ್ಯೂಬ್ (ಒಂದೇ ಕೊಳವೆಯ) ಮಾದರಿಯವು, ಬಿಚ್ಚಿ ರಿಪೇರಿ ಮಾಡಬಹುದಾದಂಥವು. ಕೈಪಿಡಿಯ ಪ್ರಕಾರ ನೈಟ್ರೋಜನ್ ಒತ್ತಡ 200 ಪಿಎಸ್‌ಐ ಇರಬೇಕು. ಕಲ್ಲುದಾರಿಯಲ್ಲಿ ಸ್ವಲ್ಪ ಹೊತ್ತು ಓಡಿಸಿದರೆ ಎಡಗಡೆಯ ಶಾಕ್ ಸೋತುಹೋಗಿ ಗಾಡಿಯ ಹಿಂಭಾಗ ಕುಪ್ಪಳಿಸುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿಯಾಗುತ್ತದೆ. ಉದ್ದ ಕೊಳವೆಯ ಗೇಜ್ ಹಾಕಿ ನೋಡಿದೆ. ಎಡಗಡೆ 95, ಬಲಗಡೆ 160. ಖಾತ್ರಿಗೆಂದು ಬಲಗಡೆಯದನ್ನು ಮತ್ತೊಮ್ಮೆ ನೋಡಿದರೆ 128ಕ್ಕೆ ಇಳಿದಿತ್ತು! ಎರಡಕ್ಕೂ ನೈಟ್ರೋಜನ್ ತುಂಬಿಸಿದರೆ ಸಾಕೇ, ಸೀಲ್ ಬದಲಿಸಬೇಕೇ?

ಉತ್ತರ:
ಬಲಗಡೆಯದು ಸೋರುತ್ತಿರುವ ಲಕ್ಷಣ ಇಲ್ಲ. ಅದರ ಗ್ಯಾಸನ್ನು ನಿಮ್ಮ ಗೇಜೇ ಕುಡಿದಿದೆ.

ಟೈರಿನಲ್ಲಿ ಹತ್ತಾರು ಲೀಟರ್ ಗಾಳಿ ಇರುವುದರಿಂದ ಗೇಜಿನೊಳಗೆ ಹೋಗುವ ಚೂರು ಗಾಳಿ ಲೆಕ್ಕಕ್ಕೇ ಬರುವುದಿಲ್ಲ. ರಿಸರ್ವಾಯರಿನಲ್ಲಿ ಗ್ಯಾಸಿಗೆ ಇರುವ ಜಾಗ ಒಂದು ಸಣ್ಣ ಲೋಟದಷ್ಟೂ ಅಲ್ಲ. ಅದು 60 ಮಿಲಿ, ನಿಮ್ಮ ಕೊಳವೆ ಮತ್ತು ಗೇಜ್ ಸೇರಿ 15 ಮಿಲಿ ಎಂದಿಟ್ಟುಕೊಳ್ಳಿ. ಒಳಗೆ ಸರಿಯಾಗಿ 200 ಇದ್ದರೂ ಗೇಜ್ ತೋರಿಸುವುದು ಸುಮಾರು 160. ತೆಗೆದು ಮತ್ತೆ ಹಾಕಿದರೆ 128. ನಿಮ್ಮ ಅಂಕಿಗಳೇ ಬಂದವಲ್ಲ? ಅದೇ ಲೆಕ್ಕವನ್ನು ಎಡಗಡೆಗೆ ಹಿಂದಕ್ಕೆ ಹಾಕಿದರೆ, ಗೇಜ್ ಸಿಕ್ಕಿಸುವ ಮೊದಲು ಅಲ್ಲಿ ಇದ್ದದ್ದು 120ರ ಆಸುಪಾಸು. ಅಂದರೆ ಎಡಗಡೆಯಲ್ಲಿ ಮಾತ್ರ ಗ್ಯಾಸ್ ನಿಜವಾಗಿಯೂ ಕಡಿಮೆಯಾಗಿದೆ. ಆದರೆ ಈಗ ಎರಡಕ್ಕೂ ತುಂಬಿಸಲೇಬೇಕು, ಬಲಗಡೆಯದನ್ನೂ ನೀವು ಖಾಲಿ ಮಾಡಿದ್ದೀರಲ್ಲ.

ಇನ್ನು ಮುಂದೆ ಒತ್ತಡ ‘ನೋಡುವ’ ಅಭ್ಯಾಸ ಬಿಡಿ. ನೋಡುವುದು ಮತ್ತು ತುಂಬುವುದು ಒಂದೇ ಕೆಲಸ. ತುಂಬುವಾಗಲೂ ವಾಲ್ವಿನ ಪಿನ್ನನ್ನು ಮೊದಲು ಮೇಲೇರಲು ಬಿಟ್ಟು, ವಾಲ್ವ್ ಮುಚ್ಚಿಕೊಂಡ ಮೇಲೆ ಕೊಳವೆ ಬಿಚ್ಚುವಂಥ ಚಕ್ (ವಾಲ್ವಿಗೆ ಸಿಕ್ಕಿಸುವ ತುದಿ) ಬೇಕು. ಸಾಧಾರಣ ಚಕ್ಕಿನಲ್ಲಿ ಕಳಚುವಾಗ ‘ಪುಸ್’ ಎಂದು ಎಷ್ಟು ಹೋಯಿತೆಂದು ಯಾರೂ ಹೇಳಲಾರರು.

ಇನ್ನೊಂದು ಉತ್ತರ:
ಮೇಲಿನ ಲೆಕ್ಕಕ್ಕೆ ನನ್ನ ಒಪ್ಪಿಗೆ ಇದೆ. ಆದರೆ ಎಡಗಡೆಯದು ಯಾಕೆ ಇಳಿಯಿತೆಂದು ತಿಳಿಯದೆ ತುಂಬಿಸಬೇಡಿ. ರಾಡಿನ ಸೀಲಿನ ಬಳಿ ಎಣ್ಣೆ ಒಸರಿದೆಯೇ? ವಾಲ್ವಿನ ಮೇಲೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆಯೇ? ಎರಡೂ ಇಲ್ಲವಾದರೆ ರಿಸರ್ವಾಯರನ್ನು ವಾಲ್ವ್ ಕೆಳಮುಖವಾಗುವಂತೆ ಹಿಡಿದು ಸ್ವಲ್ಪ ಹೊತ್ತು ಬಿಡಿ. ಕನ್ನಡಕ ಹಾಕಿಕೊಂಡು, ವಾಲ್ವಿಗೆ ಬಿಳಿ ಬಟ್ಟೆ ಅಡ್ಡ ಹಿಡಿದು, ಪಿನ್ನನ್ನು ಕ್ಷಣಮಾತ್ರ ಒತ್ತಿ. ಬಟ್ಟೆ ಒಣಗಿಯೇ ಇದ್ದರೆ ಒಳ್ಳೆಯದು. ಎಣ್ಣೆಯ ಕಲೆ ಬಿದ್ದರೆ ಗ್ಯಾಸನ್ನೂ ಎಣ್ಣೆಯನ್ನೂ ಬೇರ್ಪಡಿಸುವ ಫ್ಲೋಟಿಂಗ್ ಪಿಸ್ಟನ್ನಿನ ಓ-ರಿಂಗ್ (ರಬ್ಬರಿನ ಬಳೆಯಂಥ ಸೀಲ್) ಹೋಗಿದೆ ಎಂದೇ ಅರ್ಥ. ಆಗ ಗ್ಯಾಸ್ ಎಣ್ಣೆಯೊಳಗೆ ಸೇರಿ ನೊರೆಯಾಗುತ್ತದೆ. ನೊರೆಗೆ ತಡೆಯುವ ಶಕ್ತಿ ಇರುವುದಿಲ್ಲ. ನಿಂತು ತಣ್ಣಗಾದರೆ ನೊರೆ ಇಳಿದು ಶಾಕ್ ಮತ್ತೆ ಕೆಲಸ ಮಾಡುತ್ತದೆ. ನೀವು ಹೇಳಿದ ಲಕ್ಷಣ ಇದಕ್ಕೆ ಹತ್ತಿರ ಇದೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಬಟ್ಟೆಯ ಪರೀಕ್ಷೆಯನ್ನು ಭಾನುವಾರ ಮಾಡುತ್ತೇನೆ. ಬಲಗಡೆಗೆ ಸದ್ಯಕ್ಕೆ ಕಂಪ್ರೆಸರ್ ಗಾಳಿ ತುಂಬಬಹುದೇ? ಗಾಳಿಯಲ್ಲಿಯೂ ಬಹುಪಾಲು ನೈಟ್ರೋಜನ್ನೇ ತಾನೇ? 250 ತುಂಬಿದರೆ ಗಾಡಿ ಸ್ವಲ್ಪ ಎತ್ತರವಾದೀತೇ?

ಉತ್ತರ:
ಗಾಳಿಯಲ್ಲಿ ನೂರಕ್ಕೆ 78 ಭಾಗ ನೈಟ್ರೋಜನ್ ಇರುವುದು ನಿಜ. ಬಿಸಿಗೆ ಗಾಳಿ ಹೆಚ್ಚು ಹಿಗ್ಗುತ್ತದೆ, ನೈಟ್ರೋಜನ್ ಹಿಗ್ಗುವುದಿಲ್ಲ ಎನ್ನುವ ಮಾತನ್ನು ನಂಬಬೇಡಿ. 20 ಡಿಗ್ರಿಯಲ್ಲಿ 200 ಇದ್ದದ್ದು 100 ಡಿಗ್ರಿಗೆ ಯಾವ ಗ್ಯಾಸಾದರೂ 255 ದಾಟುತ್ತದೆ. ತೊಂದರೆ ಇರುವುದು ಕಂಪ್ರೆಸರ್ ಗಾಳಿಯ ತೇವ ಮತ್ತು ಆಮ್ಲಜನಕದಲ್ಲಿ. ತೇವದಿಂದ ತುಕ್ಕು, ಆಮ್ಲಜನಕದಿಂದ ಎಣ್ಣೆ ಕೆಡುವುದು. ಅದೂ ಅಲ್ಲದೆ ಗ್ಯಾರೇಜಿನ ಬಹಳಷ್ಟು ಕಂಪ್ರೆಸರ್‌ಗಳು 200 ಪಿಎಸ್‌ಐ ಮುಟ್ಟುವುದಿಲ್ಲ. ವೆಲ್ಡಿಂಗಿನ ಆಮ್ಲಜನಕದ ಸಿಲಿಂಡರ್ ಮಾತ್ರ ಕನಸಿನಲ್ಲಿಯೂ ಜೋಡಿಸಬೇಡಿ. ಒತ್ತಡದ ಆಮ್ಲಜನಕಕ್ಕೆ ಎಣ್ಣೆ ತಗುಲಿದರೆ ಸ್ಫೋಟವಾಗುತ್ತದೆ.

ನೈಟ್ರೋಜನ್ ಸಿಲಿಂಡರಿನ ಒಳಗೆ ಸುಮಾರು 150 ಬಾರ್ ಇರುತ್ತದೆ, ಅಂದರೆ 2,000 ಪಿಎಸ್‌ಐಗೂ ಮೇಲೆ. ರೆಗ್ಯುಲೇಟರ್ ಇಲ್ಲದೆ ಮುಟ್ಟುವಂತಿಲ್ಲ, ಅದೂ 200 ದಾಟಿ ಕೊಡಬಲ್ಲ ರೆಗ್ಯುಲೇಟರ್ ಬೇಕು. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಚಕ್ರ ಜೋತುಬಿದ್ದು ಶಾಕ್ ಪೂರ್ತಿ ಚಾಚಿಕೊಂಡಿರುವಾಗ, ತಣ್ಣಗಿರುವಾಗಲೇ ತುಂಬಿ. ರಾಡ್ ಒಳಗೆ ಹೋಗಿದ್ದರೆ ಅದು ತಳ್ಳಿದ ಎಣ್ಣೆ ಗ್ಯಾಸನ್ನು ಒತ್ತಿರುತ್ತದೆ, ಗೇಜ್ ಸುಳ್ಳು ಹೇಳುತ್ತದೆ.

ಎತ್ತರದ ಆಸೆ ಬಿಡಿ. 22 ಮಿಲಿಮೀಟರ್ ರಾಡಿನ ಮೇಲೆ 200 ಪಿಎಸ್‌ಐ ತಳ್ಳುವುದು ಸುಮಾರು 53 ಕಿಲೋ ಭಾರದಷ್ಟು, 250 ಆದರೆ 67. ಆ 14 ಕಿಲೋಗೆ ಜೀಪು ಏಳುವುದಿಲ್ಲ, ಸೀಲಿಗೆ ಮಾತ್ರ ಹೊರೆ.

ಪ್ರಶ್ನೆ ಕೇಳಿದವರು:
ಬಟ್ಟೆಯ ಮೇಲೆ ಎಣ್ಣೆಯ ಕಲೆ ಸ್ಪಷ್ಟವಾಗಿ ಬಿತ್ತು, ಕಂದು ಬಣ್ಣದ್ದು. ಬಲಗಡೆಯ ಬಟ್ಟೆ ಒಣಗಿತ್ತು.

ಇನ್ನೊಂದು ಉತ್ತರ:
ಹಾಗಾದರೆ ಎಡಗಡೆಯದನ್ನು ಬಿಚ್ಚಿಸಿ. ಬಿಚ್ಚುವ ಮೊದಲು ಗ್ಯಾಸ್ ಪೂರ್ತಿ ಹೊರಗೆ ಬಿಟ್ಟಿರಬೇಕು. ಓ-ರಿಂಗ್, ಎಣ್ಣೆ ಎರಡೂ ಹೊಸದಾಗಲಿ, ರಿಸರ್ವಾಯರಿನ ಒಳಗೋಡೆಯಲ್ಲಿ ಗೀರು ಇದೆಯೇ ಎಂದು ಉಗುರು ಎಳೆದು ನೋಡಲು ಹೇಳಿ. ಗೀರಿದ್ದರೆ ಹೊಸ ಓ-ರಿಂಗ್ ಕೂಡ ಬಾಳುವುದಿಲ್ಲ. ಫ್ಲೋಟಿಂಗ್ ಪಿಸ್ಟನ್ನನ್ನು ಕೈಪಿಡಿ ಹೇಳಿದ ಆಳದಲ್ಲಿಯೇ ಕೂರಿಸಬೇಕು. ವಾಲ್ವ್ ಕೋರ್ (ವಾಲ್ವಿನೊಳಗಿನ ಪಿನ್ ಇರುವ ಭಾಗ) ಹೆಚ್ಚಿನ ಒತ್ತಡ ತಾಳುವಂಥದ್ದೇ ಇರಲಿ.