ಪ್ರೊಟೆಸ್ಟ್ ಅಂದರೆ ಧರಣಿ ಅಲ್ಲವ್ವಾ

ನೋಡವ್ವಾ ಮಗಳೇ, ನಮ್ಮ ಮನೆಯವರ ಗ್ರೂಪಿಗೆ ನಿನ್ನ ಮೆಸೇಜು ರಾತ್ರಿಯೇ ಬಂದಿತ್ತಂತೆ. ಈಗ ಪೂಜೆ ಮುಗಿದ ಮೇಲೆ ಮೊಮ್ಮಗ ಓದಿ ಹೇಳಿದ. ನನಗೆ ಟೈಪ್ ಮಾಡಲು ಬರಲ್ಲ, ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆದರೂ ಪೂರ್ತಿ ಕೇಳು.

ಟೆಕ್ಸಾಸಿನಲ್ಲಿ ನಿಮ್ಮ ಬಡಾವಣೆಗೆ ನೀರು ಕೊಡುವ ಆ ಸಣ್ಣ ಕಂಪನಿ, ನೀರಿನ ದರ, ಒಳಚರಂಡಿ ದರ ಎರಡನ್ನೂ ಏರಿಸುತ್ತೇವೆ ಅಂತ ನೋಟಿಸು ಕಳಿಸಿದೆ. ಕೊನೆಯ ಪುಟದಲ್ಲಿ ಪ್ರೊಟೆಸ್ಟ್ ಫಾರ್ಮ್ ಇದೆ. ಅದಕ್ಕೆ ಸಹಿ ಹಾಕಿದರೆ ನಮ್ಮ ವೀಸಾಕ್ಕೆ ತೊಂದರೆ ಆಗುತ್ತಾ ದೊಡ್ಡವ್ವಾ ಅಂತ ಕೇಳಿದ್ದೀಯ. "ಸುಮ್ನೆ ಕಟ್ಟಿಬಿಡು" ಅಂತ ನಿನ್ನ ಕಾಕಾ ಆಗಲೇ ಉತ್ತರ ಕೊಟ್ಟಾಗಿದೆ. ಅದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು. ಇದೇ ಮಾತು ನಮ್ಮ ಮನೆಯಲ್ಲಿ ಹಿಂದೊಮ್ಮೆ ಆಡಿ ಆಗಿದೆ.

ಹಳೇ ಬಾಗಲಕೋಟೆಯ ನಮ್ಮ ಮನೆ ನಿಮಗೆಲ್ಲ ಗೊತ್ತಲ್ಲ. ಮುಂದೆ ಎರಡು ಕಟ್ಟೆ, ಹಿತ್ತಲಲ್ಲಿ ಬೇವಿನ ಮರ. ನೀನು ಆಗ ತೊಟ್ಟಿಲಲ್ಲಿದ್ದೆ. ಆಲಮಟ್ಟಿಯ ಹಿನ್ನೀರು ಇಲ್ಲಿಯವರೆಗೆ ಬರುತ್ತದೆ ಅಂತ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದರು. ಆಮೇಲೆ ಒಂದು ದಿನ ಪರಿಹಾರದ ನೋಟಿಸು ಬಂತು. ನಿಮ್ಮ ದೊಡ್ಡಪ್ಪ ಇಳಕಲ್ಲಿಗೆ ಹೋಗಿದ್ದರು. ಬಂದವನು ಇಲ್ಲಿ ಸಹಿ ಮಾಡ್ರಿ ಅಂದ, ಮಾಡಿ ಇಸಕೊಂಡೆ. ಒಲೆಯ ಮೇಲೆ ರೊಟ್ಟಿ ಇತ್ತು, ಕೈಯೆಲ್ಲ ಹಿಟ್ಟು. ಕಾಗದಕ್ಕೆ ಹತ್ತಬಾರದು ಅಂತ ಎರಡೇ ಬೆರಳಲ್ಲಿ ಹಿಡಿದು ದೇವರ ಜಗಲಿಗೆ ಒಯ್ದು ವಿಭೂತಿ ಗಟ್ಟಿಯ ಕೆಳಗೆ ಇಟ್ಟೆ.

ಅವರು ಬಂದ ಮೇಲೆ ತೋರಿಸಿದೆ. ಓದಿ ಮತ್ತೆ ಅಲ್ಲೇ ಇಟ್ಟರು. ಸರಕಾರದ ಜೊತೆ ಎಂಥ ತಕರಾರು, ಕೊಟ್ಟಷ್ಟು ತಗೊಳ್ಳೋಣ ಅಂದರು. ಹಣ ತಗೊಳ್ಳುವ ದಿನ ಪಕ್ಕದ ಮನೆಯವರು ಸಹಿಯ ಮೇಲೆ 'ಅಂಡರ್ ಪ್ರೊಟೆಸ್ಟ್' ಅಂತ ಎರಡು ಶಬ್ದ ಬರೆದರು, ಅಂದರೆ ತಕರಾರು ಇಟ್ಟುಕೊಂಡೇ ಹಣ ತಗೊಳ್ಳುತ್ತೇನೆ ಅಂತ. ನಮ್ಮವರು ಬರೆಯಲಿಲ್ಲ. ಪ್ರೊಟೆಸ್ಟ್ ಅಂದರೆ ಧರಣಿ ಕೂರೋದು, ಪೊಲೀಸರು ವ್ಯಾನಿಗೆ ಹತ್ತಿಸೋದು ಅಂತ ತಿಳಿದಿದ್ದರು. ನಾನು ಮಾಸ್ತರಿಕಿ ಮಾಡುವವನು, ನೌಕರಿಗೆ ಕುತ್ತು ಬಂದರೆ ಏನು ಮಾಡೋದು ಅಂದರು. ನೀನು ಈಗ ವೀಸಾ ಅಂತೀಯಲ್ಲ, ಥೇಟ್ ಹಾಗೆ.

ಆಗ ಇದ್ದದ್ದು 1894ರ ಭೂಸ್ವಾಧೀನ ಕಾಯ್ದೆ. ನಮ್ಮ ರಾಜ್ಯದಲ್ಲಿ ನೋಟಿಸು ಕೈಗೆ ಬಂದ 90 ದಿನದೊಳಗೆ, ಈ ದರ ನಮಗೆ ಒಪ್ಪಿಗೆ ಇಲ್ಲ, ಕೋರ್ಟಿಗೆ ಕಳಿಸಿ ಅಂತ ಅರ್ಜಿ ಕೊಡಬೇಕಿತ್ತು. ಆ ಎರಡು ಶಬ್ದ ಬರೆಯದೆ ಹಣ ತಗೊಂಡವರಿಗೆ ಅರ್ಜಿ ಹಾಕುವ ಹಕ್ಕೇ ಇರಲಿಲ್ಲ. ಪಕ್ಕದವರು ದಿನ ಎಣಿಸಿ ಅರ್ಜಿ ಕೊಟ್ಟರು. ವರ್ಷಗಟ್ಟಲೆ ಓಡಾಡಿದರು, ಅದು ನಿಜ. ಆದರೆ ಕೋರ್ಟು ಅವರ ಪರಿಹಾರ ಏರಿಸಿತು. ನಮ್ಮಿಬ್ಬರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಗೋಡೆಯ ಆಚೆ ಒಂದು ದರ, ಈಚೆ ಒಂದು ದರ.

ಅದಕ್ಕೇ ಹೇಳುತ್ತೇನೆ, ನೋಟಿಸಿನ ತಾರೀಖು ಬಿಡಬೇಡ. ಒಪ್ಪಿಗೆ ಇಲ್ಲ ಅಂತ ಬರೆದು ಕೊಡದಿದ್ದರೆ ಒಪ್ಪಿದ ಹಾಗೆಯೇ ಲೆಕ್ಕ.

ಇಷ್ಟು ವರ್ಷ ನಾನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೂ ಇವತ್ತು ಹೇಳುತ್ತೇನೆ. ಈ ಮನೆಯಲ್ಲಿ ಪರಿಹಾರದ ಮಾತು ಬಂದಾಗಲೆಲ್ಲ ಎಲ್ಲರೂ ನನ್ನ ಮುಖ ನೋಡುತ್ತೀರಿ. "ಕಾಗದ ಜಗಲಿ ಮೇಲೆ ಇಟ್ಟಾಕಿ" ಅಂತ. ಹೋದ ಯುಗಾದಿಗೂ ಬೇವು ಬೆಲ್ಲ ಹಂಚುವಾಗ ಅದೇ ಮಾತು ಬಂತು. ಇಟ್ಟದ್ದು ನಾನೇ. ಆದರೆ ಓದಿದವರು ಯಾರು? ನಾಲ್ಕು ಮಂದಿ ಗಂಡಸರು ಪಡಸಾಲೆಯಲ್ಲಿ ಕೂತು, ಬೇಡ ಅಂತ ತೀರ್ಮಾನ ಮಾಡಿದಿರಿ. ನಾನು ಅಡಿಗೆ ಮನೆಯ ಬಾಗಿಲಲ್ಲಿ ನಿಂತು, ಪಕ್ಕದವರನ್ನು ಒಂದು ಮಾತು ಕೇಳಿರಿ ಅಂದೆ. ಯಾರೂ ತಿರುಗಿ ಕೂಡ ನೋಡಲಿಲ್ಲ. ಆ ಮನೆಯ ಸಾಗುವಾನಿ ಚೌಕಟ್ಟು ಕಿತ್ತು ತಂದು ನವನಗರದಲ್ಲಿ ಹಾಕಿದೆವಲ್ಲ, ದಿನಾ ಅದನ್ನು ಒರೆಸುವಾಕೆ ನಾನು. ದಿನಾ ನೆನಪಾಗುತ್ತದೆ.

ಪಕ್ಕದವರ ತೀರ್ಪು ಬಂದ ಮೂರು ತಿಂಗಳೊಳಗೆ ಅದೇ ದರ ನಮಗೂ ಕೊಡಿ ಅಂತ ಕೇಳುವ ಇನ್ನೊಂದು ದಾರಿ ಕಾಯ್ದೆಯಲ್ಲಿತ್ತಂತೆ. ಅದು ನಮಗೆ ಗೊತ್ತಾಗುವಷ್ಟರಲ್ಲಿ ವರ್ಷ ದಾಟಿತ್ತು. ಹಾಗಾಗಿ ಮತ್ತೊಮ್ಮೆ ಹೇಳುತ್ತೇನೆ ಮಗಳೇ, ತಾರೀಖು ಬಿಡಬೇಡ. ಆಲಮಟ್ಟಿಯ ನೀರನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಮಾತು ನಡೆದೇ ಇದೆ. ಹಿನ್ನೀರಿನ ಊರುಗಳ ಬೀಗರೂ ಈ ಗ್ರೂಪಿನಲ್ಲಿದ್ದೀರಿ, ನೀವೂ ಕೇಳಿಸಿಕೊಳ್ಳಿರಿ.

ಅಯ್ಯೋ, ಮುಖ್ಯ ಹೇಳಬೇಕಾದದ್ದೇ ಉಳಿಯಿತು. ಬೆಳಗಾವಿಯಲ್ಲಿ ಲಾ ಓದುವ ಮೊಮ್ಮಗ ನೋಟಿಸು ಪೂರ್ತಿ ಓದಿದ್ದಾನೆ, ನಿಮ್ಮ ರಾಜ್ಯದ ಕಾನೂನನ್ನೂ ನೋಡಿದ್ದಾನೆ. ಅಲ್ಲಿ ಖಾಸಗಿ ನೀರಿನ ಕಂಪನಿಗಳ ದರ ನೋಡುವುದಕ್ಕೆ ಆಸ್ಟಿನ್‌ನಲ್ಲಿ ಪಬ್ಲಿಕ್ ಯುಟಿಲಿಟಿ ಕಮಿಷನ್ ಇದೆ. 2014ರಿಂದ ಆ ಕೆಲಸ ಅವರದು. ನಮ್ಮಲ್ಲಿ ಹೆಸ್ಕಾಂ ಕರೆಂಟು ದರ ಏರಿಸಬೇಕಾದರೆ ಕೆಇಆರ್‌ಸಿ ಅನ್ನುವ ವಿದ್ಯುತ್ ಆಯೋಗ ಜನರ ಆಕ್ಷೇಪಣೆ ಕೇಳುತ್ತದಲ್ಲ, ಹಾಗೆ. ನೀರಿಗೆ ಅಂಥ ಆಯೋಗ ನಮ್ಮ ರಾಜ್ಯದಲ್ಲಿ ಇಲ್ಲ. ನಿಮಗೆ ಇದೆ, ಬಳಸಿಕೊಳ್ಳಿ.

ಹೊಸ ದರ ಶುರುವಾಗುವ ತಾರೀಖಿನಿಂದ 90 ದಿನ. ಅಷ್ಟರೊಳಗೆ ಗಿರಾಕಿಗಳಲ್ಲಿ ನೂರಕ್ಕೆ ಹತ್ತು ಮಂದಿ ತಕರಾರು ಬರೆದು ಕೊಟ್ಟರೆ ಕಮಿಷನ್ ವಿಚಾರಣೆ ಇಡಲೇಬೇಕು. ಕಂಪನಿಗೆ 380 ಮನೆ ಅಂದಿದ್ದೆಯಲ್ಲ, ಅಂದರೆ 38 ಫಾರ್ಮು. 37 ಬಂದರೆ ವಿಚಾರಣೆ ಮಾಡುವುದು ಬಿಡುವುದು ಅವರ ಮನಸ್ಸಿಗೆ ಬಿಟ್ಟದ್ದು. ಒಂದು ಬಿಲ್ಲಿಗೆ ಒಂದೇ ಲೆಕ್ಕ, ಗಂಡ ಹೆಂಡತಿ ಇಬ್ಬರೂ ಬರೆದರೆ ಎರಡಾಗಲ್ಲ. ಸಂಜೆ ಮಗುವನ್ನು ಆಡಿಸಲು ಹೋಗುತ್ತೀಯಲ್ಲ, ಆಗ ನಾಲ್ಕು ಮನೆಯವರನ್ನು ಮಾತಾಡಿಸು.

ಕಂಪನಿಯವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಅನ್ನಲ್ಲ. 380 ಮನೆ ಇರಲಿ, ಐದು ಸಾವಿರ ಮನೆ ಇರಲಿ, ಪಂಪು ಬೇಕು, ನೀರಿನ ಪರೀಕ್ಷೆ ಆಗಬೇಕು, ಹೊಲಸು ನೀರು ಶುದ್ಧ ಮಾಡಬೇಕು. ಹಂಚಿಕೊಳ್ಳುವವರು ಕಡಿಮೆ ಇದ್ದಾಗ ತಲೆಗೆ ಜಾಸ್ತಿ ಬೀಳುತ್ತದೆ. ಆದರೆ ಆ ಖರ್ಚು ನಿಜವಾಗಿ ಆಗಿದೆಯಾ, ಹಾಕಿದ ಬಂಡವಾಳ ಎಷ್ಟು, ಲಾಭ ನ್ಯಾಯವಾಗಿದೆಯಾ ಅಂತ ಒಬ್ಬರಾದರೂ ಕೂತು ಲೆಕ್ಕ ನೋಡಬೇಕು ಅಲ್ವಾ? ನೀವು 38 ಮಂದಿ ಕೇಳಿದರೆ ನೋಡುತ್ತಾರೆ.

ಅಲ್ಲಿಯವರೆಗೆ ಬಿಲ್ಲು ನಿಲ್ಲಿಸಬೇಡ, ಬಂದಷ್ಟು ಕಟ್ಟುತ್ತಾ ಹೋಗು, ರಸೀದಿ ಇಟ್ಟುಕೋ. ಕಮಿಷನ್ ದರ ಇಳಿಸಿದರೆ ಹೆಚ್ಚಿಗೆ ವಸೂಲಿ ಮಾಡಿದ್ದನ್ನು ಬಡ್ಡಿ ಸಮೇತ ಹಿಂದೆ ಕೊಡಬೇಕು, ಇಲ್ಲಾ ಮುಂದಿನ ಬಿಲ್ಲಿನಲ್ಲಿ ಕಳೆಯಬೇಕು. ವೀಸಾದ ಚಿಂತೆ ಬಿಡು. ಆ ಫಾರ್ಮಿನಲ್ಲಿ ಕೇಳಿರುವುದು ಹೆಸರು, ಮನೆ ವಿಳಾಸ, ಸಹಿ, ಅಷ್ಟೇ.

ಇನ್ನೊಂದು. ನೀನು ಕಳಿಸಿದ ಎರಡನೇ ಪುಟದ ಫೋಟೊ ಮಸುಕಾಗಿದೆ. ಪ್ರಕರಣದ ನಂಬರಿನ ಕೊನೆಯದು ಮೂರೋ ಎಂಟೋ ತಿಳಿಯುತ್ತಿಲ್ಲ ಅಂತಾನೆ ಮೊಮ್ಮಗ. ಬೆಳಕಿನಲ್ಲಿ ಇಟ್ಟು ಮತ್ತೊಮ್ಮೆ ತೆಗೆದು ಕಳಿಸವ್ವಾ.