ಮೊಮ್ಮಗಳ ಮರದ ಆನೆ ಉಗುರಿಗೆ ಚಕ್ಕೆ ಬಿಡುತ್ತಿದೆ, ಏನು ಮಾಡಲಿ?

ನಿವೃತ್ತ ಟೀಚರ್, ಮೈಸೂರು:
ಮೊಮ್ಮಗಳಿಗೆ ಎಂಟು ತಿಂಗಳು. ಕೆಳಗೆ ಎರಡು ಹಲ್ಲು ಮೊಳೆತಿವೆ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಮೊನ್ನೆ ಬೆಂಗಳೂರಿನಿಂದ ಬರುವಾಗ ಹೆದ್ದಾರಿಯ ಅಂಗಡಿಯೊಂದರಲ್ಲಿ ಮೂರು ಆಟಿಕೆ ಕೊಂಡೆ: ಒಂದು ಗಿಲಕಿ, ಗೂಟಕ್ಕೆ ಪೋಣಿಸುವ ಬಳೆಗಳು, ಹಲಗೆಯಲ್ಲಿ ಕೊರೆದ ಚಪ್ಪಟೆ ಆನೆ. "ಎಲ್ಲವೂ ಚನ್ನಪಟ್ಟಣದ್ದೇ ಅಮ್ಮ, ಅರಿಶಿನದ ಬಣ್ಣ" ಎಂದರು. ಮನೆಯಲ್ಲಿ ಹಳೆಯ ಪಂಚೆಯ ತುಂಡನ್ನು ಒದ್ದೆ ಮಾಡಿ ಉಜ್ಜಿದೆ. ಯಾವುದೂ ಬಣ್ಣ ಬಿಡಲಿಲ್ಲ. ಆದರೆ ಆನೆಯ ಕಿವಿಯ ಹತ್ತಿರ ಉಗುರು ತಾಗಿಸಿದರೆ ಹಳದಿ ಚಕ್ಕೆ ಎದ್ದು ಬಂತು, ಅಡಿಯಲ್ಲಿ ಬಿಳಿ ಪದರ! ನಲವತ್ತು ವರ್ಷ ಅರಿಶಿನ ಮುಟ್ಟಿದ್ದೇನೆ, ಅದು ಚಕ್ಕೆ ಏಳುವುದನ್ನು ನೋಡಿಲ್ಲ. ಐಎಸ್‌ಐ ಗುರುತೂ ಇಲ್ಲ. ಅಳಿಯ ಮೂರನ್ನೂ ಬಿಸಾಡಿ ಎನ್ನುತ್ತಾನೆ. ಗಿಲಕಿಯನ್ನಾದರೂ ಉಳಿಸಿಕೊಳ್ಳಬಹುದೇ?

ಲೇತ್ ಕೆಲಸದವನು, ಚನ್ನಪಟ್ಟಣ:
ಅಮ್ಮ, ನಿಮ್ಮ ಉಗುರು ಸರಿಯಾಗಿಯೇ ಹೇಳಿದೆ. ನಮ್ಮ ಲೇತ್ ಸಾಮಾನಿನ ಬಣ್ಣ ಅರಗಿನದು, ಎಂದರೆ ಕೀಟ ಸುರಿಸುವ ಅಂಟಿನದು. ಅದನ್ನು ಕುಂಚದಲ್ಲಿ ಬಳಿಯುವುದಿಲ್ಲ. ಆಲೆ ಮರದ ತುಂಡು ಲೇತ್ ಮೇಲೆ ಗಿರಗಿರ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತೇವೆ. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ತಾಳೆಗರಿ ಹಿಡಿದರೆ ಹೊಳಪು. ತಿರುಗುವ ದುಂಡು ಸಾಮಾನಿಗೆ ಇದು ಸರಿ. ಚಪ್ಪಟೆ ಆನೆಯನ್ನು ತಿರುಗಿಸುವುದು ಹೇಗೆ? ಅದಕ್ಕೆ ಕುಂಚವೋ ಸ್ಪ್ರೇಯೋ ಬೇಕು. ನಮ್ಮ ಊರಿನಲ್ಲೂ ಹಾಗೆಯೇ, ಮುಚ್ಚಿಡುವುದೇನಿದೆ. ನೀರಿನಲ್ಲಿ ಕಲಸುವ ಒಳ್ಳೆಯ ಬಣ್ಣ ಹಾಕುವವರೂ ಇದ್ದಾರೆ, ಅಗ್ಗದ ಎನಾಮೆಲ್ ಬಳಿಯುವವರೂ ಇದ್ದಾರೆ.

ಅರಗು ಎಂದಾಕ್ಷಣ ಅದರೊಳಗಿನ ಬಣ್ಣವೂ ಗಿಡದ್ದೇ ಎಂದು ನಂಬಬೇಡಿ. ಅರಿಶಿನದ ಹಳದಿ ಬಿಸಿಲಿಗೆ ಮಂಕಾಗುತ್ತದೆ. ಕಣ್ಣು ಕುಕ್ಕುವ ಹಳದಿ, ಗುಲಾಬಿ ಕಂಡರೆ ಏನು ಬೆರೆಸಿದ್ದೀರಿ ಎಂದು ಕೇಳಿ. ತಡವರಿಸಿದರೆ ಬಣ್ಣವಿಲ್ಲದ ಬರಿಮರದ್ದನ್ನು ಕೊಳ್ಳಿ. ಕಚ್ಚುವ ಮಗುವಿಗೆ ನಾನು ಅದನ್ನೇ ಕೊಡುವುದು.

ಬಣ್ಣದ ಪ್ರಯೋಗಾಲಯದಲ್ಲಿ ಇದ್ದವನು:
ಬಣ್ಣದಲ್ಲಿ ವಿಷಕಾರಿ ಸೀಸವಿದ್ದರೆ ಒದ್ದೆ ಬಟ್ಟೆ ಅದನ್ನು ತೋರಿಸುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಹಳದಿ, ಕಿತ್ತಳೆ ಬಣ್ಣಕ್ಕೆ ಸೀಸದ ಕ್ರೋಮೇಟ್ ಎಂಬ ಪುಡಿ ಬೆರೆಸುವುದು ಹಳೆಯ ಚಾಳಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ಮೀರಬಾರದೆಂಬ 2016ರ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ. ಕೈಗಾರಿಕೆಯ ಬಣ್ಣ ಅದರ ಹೊರಗೆ. ಯಾವ ಡಬ್ಬಿಯ ಬಣ್ಣವೆಂದು ಗೊತ್ತಿಲ್ಲದ ಆನೆಯನ್ನು ಮಗುವಿನ ಕೈಗೆ ಕೊಡಬೇಡಿ, ಉಜ್ಜಿ ಬಣ್ಣ ತೆಗೆಯಲೂ ಹೋಗಬೇಡಿ, ಆ ಧೂಳು ಇನ್ನೂ ಕೆಟ್ಟದ್ದು.

ಐಎಸ್‌ಐ ವಿಷಯಕ್ಕೆ ಅಳಿಯಂದಿರು ಸ್ವಲ್ಪ ಅವಸರಪಟ್ಟಿದ್ದಾರೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಆ ಗುರುತು ಕಡ್ಡಾಯವಾದರೂ, ಕೇಂದ್ರದ ಕರಕುಶಲ ಇಲಾಖೆಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಯಾರಿಸಿದ್ದಕ್ಕೆ ವಿನಾಯಿತಿ ಇದೆ. ಚನ್ನಪಟ್ಟಣದಂತೆ ಊರಿನ ಹೆಸರಿಗೆ ಭೌಗೋಳಿಕ ಗುರುತು (ಜಿಐ) ಪಡೆದ ಆಟಿಕೆಗೂ, ಆ ಗುರುತಿನ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿದವರು ಮಾಡಿದ್ದಾದರೆ, ವಿನಾಯಿತಿ ಸಿಗುತ್ತದೆ. ಹಾಗಾಗಿ ಅಂಗಡಿಯವರ ಬಳಿ ಮಾಡಿದವರ ನೋಂದಣಿ ಕೇಳಿ. ಕಾರ್ಖಾನೆಯ ಮಾಲಾದರೆ ಗುರುತು ಇರಲೇಬೇಕು, ಅದರ ಪರವಾನಗಿ ಸಂಖ್ಯೆಯನ್ನು, ಆ ಗುರುತು ಕೊಡುವ ಸಂಸ್ಥೆಯಾದ ಬಿಐಎಸ್‌ನ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು.

ಎರಡು ಮಕ್ಕಳ ತಾಯಿ, ದಾವಣಗೆರೆ:
ಟೀಚರ್, ಗಿಲಕಿಗೆ ಸ್ಯಾನಿಟೈಸರ್ ಮಾತ್ರ ಹಾಕಬೇಡಿ! ಅದರಲ್ಲಿರುವ ಮದ್ಯಸಾರಕ್ಕೆ ಅರಗು ಕರಗುತ್ತದೆ. ನಾನು ಹಾಗೆ ಒರೆಸಿ ಮಗನ ಬುಗುರಿಯನ್ನು ಅಂಟು ಅಂಟು ಮಾಡಿಬಿಟ್ಟೆ. ಬಿಸಿನೀರೂ ಬೇಡ, ಒದ್ದೆ ಬಟ್ಟೆ ಸಾಕು. ಗಿಲಕಿಯೊಳಗಿನ ಮಣಿ ಹೊರಬರುವಂತಿದೆಯೇ ಎಂದು ಎಳೆದು ನೋಡಿ. ಬಣ್ಣಕ್ಕಿಂತ ನನಗೆ ಅದರದೇ ಭಯ.

ನಿವೃತ್ತ ಟೀಚರ್, ಮೈಸೂರು:
ಎಲ್ಲರಿಗೂ ನಮಸ್ಕಾರ. ಎಳೆದು ನೋಡಿದೆ, ಮಣಿ ಭದ್ರವಾಗಿದೆ. ಆನೆಯನ್ನು ಕವರಿನಲ್ಲಿ ಕಟ್ಟಿಟ್ಟಿದ್ದೇನೆ, ಭಾನುವಾರ ಅಂಗಡಿಗೇ ಹಿಂದಿರುಗಿಸುತ್ತೇನೆ, ನೋಂದಣಿಯನ್ನೂ ಕೇಳುತ್ತೇನೆ. ಹಳದಿ ಬಳೆಯೊಂದನ್ನು ಕಿಟಕಿಯ ಬಿಸಿಲಿಗೆ ಇಟ್ಟಿದ್ದೇನೆ. ಅಂಗಡಿಯವರ ಉತ್ತರ ಬರುವವರೆಗೆ ಮಗುವಿನ ಕೈಗೆ ಗಿಲಕಿಯನ್ನೂ ಕೊಡುವುದಿಲ್ಲ. ಸದ್ಯಕ್ಕೆ ಅಡುಗೆಮನೆಯ ಸ್ಟೀಲ್ ಚಮಚವೇ ಅವಳ ಆಟಿಕೆ, ಅದನ್ನೇ ಅವಳು ಹೆಚ್ಚು ಮೆಚ್ಚಿಕೊಂಡಿರುವುದು ಬೇರೆ ಮಾತು.