ಲಾಗಿನ್ ಆಗ್ತದ, ಪಿಡಿಎಫ್ ಇಳಿಯಂಗಿಲ್ಲ: ಫೈರ್‌ವಾಲ್ ಸರ್ವಿಸ್, ಐಸಿಎಂಪಿ ರೂಲ್ ನೋಡ್ರಿ

ವಿಜಯಪುರದಿಂದ ಪ್ರಶ್ನೆ

ನಮಸ್ಕಾರ್ರಿ. ಪತ್ತಿನ ಸಹಕಾರಿ ಸಂಘದ ಸರ್ವರ್ ವಿಜಯಪುರದ ಮುಖ್ಯ ಕಚೇರಿಯೊಳಗ ಅದ, ಅದರ ಮುಂದ ಲಿನಕ್ಸ್ ಐಪಿಟೇಬಲ್ಸ್ ಫೈರ್‌ವಾಲ್. ಇಂಡಿ ಶಾಖೆಗೆ ಹೊಸಾ ಫೈಬರ್ ಲೈನ್ ಬಂದದ, ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಜೋಡ್ಸೋದು). ಅವತ್ತಿನಿಂದ ಲಾಗಿನ್ ಆಗ್ತದ, ಸಣ್ಣ ಪೇಜ್ ತೆರೀತಾವ, ಅಪ್‌ಲೋಡೂ ಆಗ್ತದ. ಸ್ಟೇಟ್‌ಮೆಂಟ್ ಪಿಡಿಎಫ್ ಇಳಿಸಾಕ ಹೋದ್ರ ಮಾತ್ರ ತಿರುಗಿ ತಿರುಗಿ ಟೈಮ್‌ಔಟ್. ಫಾರ್ವರ್ಡ್ ಚೈನ್ (ಫೈರ್‌ವಾಲ್ ದಾಟಿ ಹೋಗೋ ಪ್ಯಾಕೆಟ್ಟಿನ ರೂಲ್ ಪಟ್ಟಿ, ಮ್ಯಾಲಿಂದ ಕೆಳಗ ನೋಡ್ತದ) ಹಿಂಗದ:

1. ಹೊರಗಿನಿಂದ ಬರೋ ಐಸಿಎಂಪಿ (ನೆಟ್‌ವರ್ಕಿನ ಎರರ್, ಪಿಂಗ್ ಸುದ್ದಿ) ಪೂರಾ ಡ್ರಾಪ್
2. ಎಸ್ಟಾಬ್ಲಿಷ್ಡ್, ರಿಲೇಟೆಡ್ (ಆಗಲೇ ನಡದಿರೋ ಸೆಷನ್, ಅದಕ್ಕ ಸಂಬಂಧಿಸಿದ್ದು) ಅಕ್ಸೆಪ್ಟ್
3. ಟಿಸಿಪಿ, ಸೋರ್ಸ್ ಪೋರ್ಟ್ 8443, ಡೆಸ್ಟಿನೇಷನ್ 8443 (ನಮ್ಮ ಸರ್ವರ್ ಪೋರ್ಟ್) ಅಕ್ಸೆಪ್ಟ್ (ಹಿಟ್, ಅಂದ್ರ ರೂಲಿಗೆ ಹೊಂದಿದ ಪ್ಯಾಕೆಟ್, ಸೊನ್ನೆ)
4. ಸರ್ವರ್‌ಗೆ ಟಿಸಿಪಿ ಎಲ್ಲಾ ಅಕ್ಸೆಪ್ಟ್ (ಮೂರನೇದು ನಡೀಲಿಲ್ಲ, ಅದಕ್ಕ ಹಾಕಿದ್ದು)

ಬೆಳಗಾವಿಯಿಂದ ಉತ್ತರ

ಇಲ್ಲಿ ತಪ್ಪು ಎರಡು ಅದಾವ್ರಿ. ಮೊದಲ ಸಣ್ಣದು. ಬ್ರೌಸರ್ 8443ರಿಂದ ಹೊರಡಂಗಿಲ್ಲ, ಪ್ರತಿ ಸಲ ಬ್ಯಾರೆ ಪೋರ್ಟ್ ಹಿಡಿತೈತಿ. ವಿಂಡೋಸ್‌ನ್ಯಾಗ ಅದು 49152ರಿಂದ 65535ರ ನಡುವ. ರೂಲ್‌ನ್ಯಾಗ ಸೋರ್ಸ್ ಪೋರ್ಟ್ ಬರೀಬ್ಯಾಡ್ರಿ, ಡೆಸ್ಟಿನೇಷನ್ 8443 ಅಷ್ಟ ಸಾಕು. ಹಿಟ್ ಏರೋದು ಕಂಡ ಮ್ಯಾಲ ನಾಲ್ಕನೇ ರೂಲ್ ಅವತ್ತ ತಗೀರಿ. ಅದು ಇರೋತನಕ ಸರ್ವರ್ ಬಾಗಿಲಾ ಪೂರಾ ತೆರೆದಂಗ.

ಪಿಡಿಎಫ್ ನಿಲ್ಲಾಕ ಕಾರಣ ಒಂದನೇ ರೂಲ್. ಪಿಪಿಪಿಒಇ ಹೆಡರ್ 8 ಬೈಟ್ ತಿಂತೈತಿ, ಇಂಡಿ ಲೈನಿನ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಅಳತಿ) 1492. ಸರ್ವರ್ 1500 ಬೈಟಿನ ಪ್ಯಾಕೆಟ್ ಕಳಿಸ್ತೈತಿ, ‘ತುಂಡು ಮಾಡಬ್ಯಾಡ’ ಅನ್ನೋ ಬಿಟ್ ಹಚ್ಚಿ. ಹಾದಿಯೊಳಗಿನ ಇಂಟರ್ನೆಟ್ ಕಂಪನಿ ರೂಟರ್ ಅದನ್ನ ಬಿಸಾಕಿ, ‘1492ಕ್ಕ ಇಳಿಸು’ ಅಂತ ಐಸಿಎಂಪಿ ಟೈಪ್ 3 ಕೋಡ್ 4 ವಾಪಸ್ ಕಳಿಸ್ತೈತಿ. ಆ ಸುದ್ದಿನ ನಿಮ್ಮ ಫೈರ್‌ವಾಲ್ ನುಂಗತೈತಿ. ಸರ್ವರ್‌ಗೆ ಗೊತ್ತಾಗಂಗಿಲ್ಲ, ಅದ 1500 ಮತ್ತ ಮತ್ತ ಕಳಿಸ್ತೈತಿ. ಅಪ್‌ಲೋಡ್ ಯಾಕ ನಡೀತೈತಿ ಅಂದ್ರ, ಶಾಖೆ ಪಿಸಿಗೆ ಆ ಸುದ್ದಿ ಹೇಳೋದು ಶಾಖೆ ರೂಟರ್. ಅದು ನಿಮ್ಮ ಫೈರ್‌ವಾಲ್ ತನಕ ಬರೋದ ಇಲ್ಲ.

ಖಾತ್ರಿ ಮಾಡ್ಕೊಳ್ರಿ: ಇಂಡಿ ಪಿಸಿಯಿಂದ ಹೊರಗಿನ ಯಾವುದರ ಐಪಿಗೆ ಪಿಂಗ್, ಮೈನಸ್ ಎಫ್, ಮೈನಸ್ ಎಲ್ 1472 ಕೊಡ್ರಿ. ಬೀಳತೈತಿ. 1464 ಕೊಡ್ರಿ, ಹೋಗತೈತಿ (1464ಕ್ಕ ಹೆಡರಿನ 28 ಕೂಡಿಸಿದ್ರ 1492). ಫೈರ್‌ವಾಲಿನ ಹೊರಗಿನ ಇಂಟರ್‌ಫೇಸ್ ಮ್ಯಾಲ ಟಿಸಿಪಿಡಂಪ್ (ಪ್ಯಾಕೆಟ್ ನೋಡೋ ಟೂಲ್) ಹಚ್ಚಿ ಪಿಡಿಎಫ್ ಇಳಿಸ್ರಿ. ಆ ಸುದ್ದಿ ಬಂದ್ರ ಅದರೊಳಗ 1492 ಬರದಿರತೈತಿ.

ಪರಿಹಾರ: ಎಸ್ಟಾಬ್ಲಿಷ್ಡ್, ರಿಲೇಟೆಡ್ ರೂಲ್ ಎಲ್ಲಕ್ಕಿಂತ ಮ್ಯಾಲ ತರ್ರಿ. ಐಸಿಎಂಪಿಗೆ ಪೋರ್ಟ್ ಇರಂಗಿಲ್ಲ, ಟೈಪು, ಕೋಡು ಅಷ್ಟ. ಆದ್ರ ಎರರ್ ಸುದ್ದಿಯೊಳಗ ಮೂಲ ಪ್ಯಾಕೆಟ್ಟಿನ ಐಪಿ ಹೆಡರ್, ಅದರ ಮುಂದಿನ 8 ಬೈಟ್ ಇರತಾವ. ಟಿಸಿಪಿ ಪೋರ್ಟ್ ನಂಬರ್ ಅಲ್ಲೇ ಕೂತಿರತಾವ. ಅದನ್ನ ನೋಡೇ ಫೈರ್‌ವಾಲ್ ಯಾವ ಸೆಷನ್ನಿಂದು ಅಂತ ಗುರುತು ಹಿಡಿದು ರಿಲೇಟೆಡ್ ಅಂತೈತಿ. ಆ ರೂಲಿನ ಕೆಳಗ ಟೈಪ್ 3 (ಮುಟ್ಟಲಿಲ್ಲ), 11 (ಟೈಮ್ ಮುಗೀತು) ಅಕ್ಸೆಪ್ಟ್ ಮಾಡ್ರಿ, ಟೈಪ್ 8 (ಪಿಂಗ್) ಸೆಕೆಂಡಿಗೆ 5ರ ಮಿತಿ ಹಾಕಿ ಬಿಡ್ರಿ, ಉಳಿದದ್ದು ಡ್ರಾಪ್. ಟೈಪ್ 5 ರೀಡೈರೆಕ್ಟ್ ಮಾತ್ರ ಎಂದೂ ಒಳಗ ಬಿಡಬ್ಯಾಡ್ರಿ, ಹೊರಗಿನವರು ಹಾದಿ ತಿರುವಾಕ ದಾರಿ ಆಗತೈತಿ. ಇದೆಲ್ಲಾ ಫಾರ್ವರ್ಡ್ ಚೈನ್‌ನ್ಯಾಗ ಇರಬೇಕು. ಇನ್‌ಪುಟ್ ಚೈನ್‌ನ್ಯಾಗ ಹಾಕಿದ್ರ ಸರ್ವರ್‌ಗೆ ಮುಟ್ಟಂಗಿಲ್ಲ.

ಬಾಗಲಕೋಟೆಯಿಂದ

ಮ್ಯಾಲಿನದು ಸರಿ ಐತಿ. ಇದರ ಜೋಡಿ ಇಂಡಿ ರೂಟರ್‌ನ್ಯಾಗ ಎಂಎಸ್ಎಸ್ (ಒಂದು ಟಿಸಿಪಿ ಪ್ಯಾಕೆಟ್‌ನ್ಯಾಗ ಹಿಡಿಯೋ ಡೇಟಾ ಮಿತಿ) 1452 ಕಟ್ರಿ (1492ರಾಗ ಹೆಡರಿನ 40 ಕಳದು). ಹಾದಿಯೊಳಗ ಬ್ಯಾರೆ ಯಾರರ ಐಸಿಎಂಪಿ ತಡದಿದ್ರೂ ಪಿಡಿಎಫ್ ಇಳಿತೈತಿ. ಆದ್ರ ಅದು ಟಿಸಿಪಿಗಷ್ಟ, ಯುಡಿಪಿಗೆ ಉಪಯೋಗಿಲ್ಲ. ಹಂಗಾಗಿ ಟೈಪ್ 3 ತೆರಿಯೋದನ್ನ ಬಿಡಬ್ಯಾಡ್ರಿ.

ಮುಂದ ಐಪಿವಿ6 ಬಂದ್ರ ಐಸಿಎಂಪಿಯ ಪ್ರೋಟೋಕಾಲ್ ನಂಬರ್ 1 ಅಲ್ಲ, 58. ಅಲ್ಲಿ ಹಾದಿಯ ರೂಟರ್ ತುಂಡು ಮಾಡೋದ ಇಲ್ಲ, ಅದಕ್ಕ ಟೈಪ್ 2 (‘ಪ್ಯಾಕೆಟ್ ದೊಡ್ಡದಾತು’ ಅನ್ನೋ ಸುದ್ದಿ) ಒಳಗ ಬಿಡಲೇಬೇಕು.

ವಿಜಯಪುರದಿಂದ

ರೂಲ್ ಮ್ಯಾಲ ಕೆಳಗ ಮಾಡಿದ ಕೂಡ್ಲೆ ಪಿಡಿಎಫ್ ಬಂತ್ರಿ, 8443 ಹಿಟ್ಟೂ ಏರ್ಲಿಕತ್ತದ, ನಾಲ್ಕನೇ ರೂಲ್ ತಗದೀವಿ. ಇನ್ನೊಂದು: ಐಪಿಸೆಕ್ ಟನಲ್‌ಗೆ (ಎರಡು ಕಚೇರಿ ನಡುವಿನ ಗುಪ್ತ ಹಾದಿ) ಟಿಸಿಪಿ 50 ತೆರೀಬೇಕೇನ್ರಿ?

ಬೆಳಗಾವಿಯಿಂದ ಉತ್ತರ

ಬ್ಯಾಡ್ರಿ. 50 ಅನ್ನೋದು ಪೋರ್ಟ್ ಅಲ್ಲ, ಪ್ರೋಟೋಕಾಲ್ ನಂಬರ್ (ಟಿಸಿಪಿ 6, ಯುಡಿಪಿ 17, ಐಪಿಸೆಕ್ ಡೇಟಾ ಒಯ್ಯೋ ಇಎಸ್‌ಪಿ 50). ಯುಡಿಪಿ 500, ಯುಡಿಪಿ 4500, ಪ್ರೋಟೋಕಾಲ್ 50, ಈ ಮೂರು ಬ್ಯಾರೆ ಬ್ಯಾರೆ ಸರ್ವಿಸ್ ಮಾಡ್ರಿ. ನ್ಯಾಟ್ (ರೂಟರ್ ಐಪಿ ಬದಲಿಸೋದು) ಹಿಂದಿನ ಶಾಖೆ 4500ರ ಮ್ಯಾಲೇ ಓಡತೈತಿ, ಹಿಂಗಾಗಿ 50 ತಪ್ಪು ಬರದ್ರೂ ತಿಳಿಯಂಗಿಲ್ಲ. ನ್ಯಾಟ್ ತಗದ ದಿನ ಟನಲ್ ಎದ್ದಂಗ ಕಾಣತೈತಿ, ಒಳಗ ಒಂದು ಪ್ಯಾಕೆಟ್ಟೂ ದಾಟಂಗಿಲ್ಲ.